ಹಲಸೂರಿನಿಂದ ಅಂಕೋರ್‌ಗೆ: ಕಲ್ಲಿನ ಕತೆ ಓದಲು ಹೊರಡುವವರಿಗೆ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, 1113ರಲ್ಲಿ, ಈಗಿನ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದ. ಅವನೂ ವಿಷ್ಣುವಿಗೇ ಗುಡಿ ಕಟ್ಟಿಸಲು ಹೊರಟ. ಅದೇ ಅಂಕೋರ್ ವಾಟ್. ಹೆಚ್ಚುಕಡಿಮೆ ಒಂದೇ ಕಾಲ, ಒಂದೇ ದೇವರು, ಅದೇ ರಾಮಾಯಣ, ಅದೇ ಮಹಾಭಾರತ. ಕಲ್ಲು ಬೇರೆ, ಕೈ ಬೇರೆ.

ಹಾಗಾಗಿ ಕರ್ನಾಟಕದಿಂದ ಅಂಕೋರ್‌ಗೆ ಹೋಗುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಯುರೋಪಿನಿಂದ ಬಂದವರು ಪುಸ್ತಕ ತೆರೆದು "ಈ ಹತ್ತು ತಲೆಯವನು ಯಾರು" ಎಂದು ಹುಡುಕುವ ಹೊತ್ತಿಗೆ ನಮ್ಮ ಮನೆಯ ಅಜ್ಜಿ ದೂರದಿಂದಲೇ ಗುರುತು ಹಿಡಿದಿರುತ್ತಾರೆ. ಆದರೆ ಈ ಅನುಕೂಲವನ್ನು ನಾವು ಬಳಸಿಕೊಳ್ಳುವುದು ಕಡಿಮೆ. ಬ್ಯಾಂಕಾಕ್ ಪ್ಯಾಕೇಜಿನ ಬಾಲಕ್ಕೆ ಒಂದೂವರೆ ದಿನದ ಅಂಕೋರ್ ಸೇರಿಸಿಕೊಂಡು, ಸೂರ್ಯೋದಯದ ಒಂದು ಫೋಟೊ ತೆಗೆದು ಬಂದುಬಿಡುತ್ತೇವೆ. ಅಷ್ಟು ದೂರ ಹೋಗಿ ಇಷ್ಟೇ ನೋಡಿ ಬರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಐದು ರಾತ್ರಿ ಇಟ್ಟುಕೊಳ್ಳಿ. ಗುಡಿಗಳ ಪಟ್ಟಿ ಚಿಕ್ಕದಿರಲಿ. ಮತ್ತೆ, ಹೊರಡುವ ಮೊದಲು ಇಲ್ಲೇ ನಮ್ಮೂರಲ್ಲಿ ಕಣ್ಣು ಪಳಗಿಸಿಕೊಳ್ಳಿ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಹಲಸೂರು, ಆಮೇಲೆ ಹಳೇಬೀಡು

ಒಂದು ಕತೆಯನ್ನು ಆರಿಸಿಕೊಳ್ಳಿ. ನನ್ನ ಸಲಹೆ: ರಾವಣ ಕೈಲಾಸ ಎತ್ತಿದ ಕತೆ. ಈ ಒಂದೇ ಪ್ರಸಂಗ ಬೆಂಗಳೂರಿನ ಹಲಸೂರಿನಲ್ಲಿ ಇದೆ, ಹಳೇಬೀಡಿನಲ್ಲಿ ಇದೆ, ಅಂಕೋರ್ ಹತ್ತಿರದ ಬಾಂತೇ ಸ್ರೇ ಎಂಬ ಗುಡಿಯಲ್ಲೂ ಇದೆ. ಮೂರನ್ನೂ ನೋಡಿದವರಿಗೆ ಶಿಲ್ಪಿ ಎಲ್ಲಿ ಯೋಚನೆ ಮಾಡಿದ್ದಾನೆ ಅನ್ನುವುದು ತಾನಾಗಿ ಕಾಣುತ್ತದೆ.

ಒಂದು ಭಾನುವಾರ ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೊ ಹತ್ತಿ ಹಲಸೂರಿನಲ್ಲಿ ಇಳಿಯಿರಿ. ಸೋಮೇಶ್ವರ ದೇವಸ್ಥಾನ ಅಲ್ಲಿಂದ ಹತ್ತಿರವೇ. ಕೈ ಮುಗಿದಾದ ಮೇಲೆ ಹೊರಡಬೇಡಿ. ಗೋಡೆ, ಕಂಬಗಳ ಮೇಲೆ ರಾವಣನನ್ನು ಹುಡುಕಿ. ಗಿರಿಜಾ ಕಲ್ಯಾಣ, ಮಹಿಷಮರ್ದಿನಿ, ಸಪ್ತರ್ಷಿಗಳೂ ಅಲ್ಲಿದ್ದಾರೆ. ಸಿಗದಿದ್ದರೆ ಅರ್ಚಕರನ್ನು ಕೇಳಿ. ಎಷ್ಟೋ ವರ್ಷಗಳಿಂದ ಆ ಗುಡಿಗೆ ಹೋಗುತ್ತಿದ್ದವರೂ ಆ ಶಿಲ್ಪವನ್ನು ನೋಡಿರುವುದಿಲ್ಲ. ಹುಡುಕುವ ಅಭ್ಯಾಸ ಆಗಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ಆಮೇಲೆ ಹಳೇಬೀಡು. ಬೆಂಗಳೂರಿನಿಂದ ಸುಮಾರು 210 ಕಿಲೋಮೀಟರ್. ಬಸ್ಸಿನಲ್ಲೋ ರೈಲಿನಲ್ಲೋ ಹಾಸನಕ್ಕೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಬೇಲೂರು ಅಲ್ಲಿಂದ 16 ಕಿಲೋಮೀಟರ್ ಅಷ್ಟೇ. ಕಲ್ಲು ಕಾಯುವ ಮೊದಲೇ ತಲುಪಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ.

ಹೊಯ್ಸಳೇಶ್ವರದ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ. ಅದರ ಮೇಲಿನದು ಕತೆಯ ಪಟ್ಟಿ. ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಈ ಕಿರಿದಾದ ಪಟ್ಟಿಯಲ್ಲೇ ಸಾಗುತ್ತವೆ. ಅಭಿಮನ್ಯು ಚಕ್ರವ್ಯೂಹದೊಳಗೆ ನುಗ್ಗುವುದನ್ನು ಅಲ್ಲಿ ಹುಡುಕಿ. ಅದಕ್ಕೂ ಮೇಲೆ ಮಕರ, ಹಂಸ. ಆಮೇಲೆ ದೊಡ್ಡ ಮೂರ್ತಿಗಳ ಸಾಲು. ಕೈಲಾಸ ಎತ್ತುವ ರಾವಣ ಇರುವುದು ಈ ದೊಡ್ಡ ಮೂರ್ತಿಗಳ ನಡುವೆ.

ಅವನ ಮುಂದೆ ಹತ್ತು ನಿಮಿಷ ನಿಲ್ಲಿ. ಬೆಟ್ಟದ ಮೇಲೆ ಏನೇನಿದೆ, ಶಿವ ಪಾರ್ವತಿ ಹೇಗೆ ಕುಳಿತಿದ್ದಾರೆ, ರಾವಣನ ಒಡವೆ ಎಷ್ಟು ಆಳಕ್ಕೆ ಕೊರೆದಿದೆ ನೋಡಿ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಗಿದ್ದು. ಫೋನಿನಲ್ಲಿ ಒಂದು ಸ್ಪಷ್ಟ ಫೋಟೊ ತೆಗೆದು, ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಅಂಕೋರ್‌ನಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಸುಖ. ಮಳೆ ಇಲ್ಲ, ಬಿಸಿಲು ಸಹಿಸಬಹುದು, ಆದರೆ ಜನ ಜಾಸ್ತಿ. ಮಾರ್ಚ್, ಏಪ್ರಿಲ್ ಸುಡು ಬೇಸಿಗೆ. ಬೆಂಗಳೂರಿನ ಹವೆಗೆ ಒಗ್ಗಿದ ನಮಗೆ ಅದು ಕಷ್ಟ. ಅದರಲ್ಲೂ ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ಊರಿಗೆ ಊರೇ ಗುಡಿಗಳ ಕಡೆ ಬರುತ್ತದೆ. ಮಕ್ಕಳಿಗೆ ಬೇಸಿಗೆ ರಜೆ ಎಂಬ ಒಂದೇ ಕಾರಣಕ್ಕೆ ಏಪ್ರಿಲ್‌ನಲ್ಲಿ ಹೊರಡಬೇಡಿ.

ಶಾಲೆ ಮಕ್ಕಳಿರುವವರಿಗೆ ನಾನು ದಸರಾ ರಜೆ ಸೂಚಿಸುತ್ತೇನೆ. ಮಳೆಗಾಲದ ಕೊನೆ. ಮಧ್ಯಾಹ್ನ ಒಂದು ಜೋರು ಮಳೆ ಬರಬಹುದು. ಆದರೆ ಅಂಕೋರ್ ವಾಟ್ ಸುತ್ತಲಿನ ಕಂದಕ ತುಂಬಿರುತ್ತದೆ, ಪಾಚಿಗಟ್ಟಿದ ಕಲ್ಲು ಹಸಿರಾಗಿರುತ್ತದೆ, ಜನವೂ ಕಡಿಮೆ.

ಕಾಗದಪತ್ರ

ಪಾಸ್‌ಪೋರ್ಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ಬೆಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರವೊಂದರಲ್ಲಿ ಸಮಯ ಗೊತ್ತುಮಾಡಿಕೊಳ್ಳಬೇಕು. ವಯಸ್ಕರಿಗೆ 36 ಪುಟದ ಪಾಸ್‌ಪೋರ್ಟ್‌ಗೆ 1500 ರೂಪಾಯಿ. ತತ್ಕಾಲ್ ಬೇಕಿದ್ದರೆ ಇನ್ನೂ 2000. ಈಗಾಗಲೇ ಇರುವವರು ಅವಧಿ ನೋಡಿಕೊಳ್ಳಿ. ನೀವು ಅಲ್ಲಿಗೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಮನೆಯವರೆಲ್ಲರ ಪಾಸ್‌ಪೋರ್ಟ್ ತೆಗೆದು ಒಟ್ಟಿಗೆ ನೋಡಿ. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಮರೆತುಹೋಗಿರುತ್ತದೆ.

ವೀಸಾ ಕಷ್ಟವಿಲ್ಲ. ಕಾಂಬೋಡಿಯಾ ಸರ್ಕಾರದ ಇ-ವೀಸಾ ತಾಣದಲ್ಲಿ ಅರ್ಜಿ ಹಾಕಬಹುದು. ಪ್ರವಾಸಿ ವೀಸಾದಲ್ಲಿ 30 ದಿನ ಇರಬಹುದು. ಹುಡುಕಿದಾಗ ಅದೇ ಥರ ಕಾಣುವ ಖಾಸಗಿ ತಾಣಗಳು ಮೇಲೆ ಬರುತ್ತವೆ, ಅವು ದುಪ್ಪಟ್ಟು ದುಡ್ಡು ಕೇಳುತ್ತವೆ. ವಿಳಾಸವನ್ನು ಎರಡು ಸಲ ಓದಿ. ಇದರ ಜೊತೆಗೆ ಇ-ಅರೈವಲ್ ಎಂಬ ಫಾರಂ ಇದೆ, ವಿಮಾನ ಇಳಿಯುವ ದಿನದ ಹಿಂದಿನ ಏಳು ದಿನಗಳೊಳಗೆ ತುಂಬಬೇಕು. ಅದು ಉಚಿತ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಆ ತಾಣ ಮುಚ್ಚಿಬಿಡಿ.

ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ವಿಮೆ ಇವುಗಳ ಕಾಗದದ ಪ್ರತಿ ಕೈಯಲ್ಲಿರಲಿ. ಇಲ್ಲಿನ ವಲಸೆ ಕೌಂಟರಿನಲ್ಲೂ ಕೇಳಬಹುದು. ಫೋನಿನ ಬ್ಯಾಟರಿ ನಂಬಿ ನಿಲ್ಲಬೇಡಿ.

ವಿಮಾನ

ಸಾಮಾನ್ಯವಾಗಿ ಬ್ಯಾಂಕಾಕ್, ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಸಿಯೆಮ್ ರೀಪ್‌ಗೆ ಹೋಗಬೇಕು. ಅಂಕೋರ್ ಗುಡಿಗಳ ಪಕ್ಕದ ಊರು ಅದು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಕೊಂಡರೆ ಅಗ್ಗ ಅನಿಸುತ್ತದೆ. ಆದರೆ ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆ ಅಲ್ಲ. ನಡುವಿನ ದೇಶದಲ್ಲಿ ಇಳಿದು, ವಲಸೆ ಮುಗಿಸಿ, ಸಾಮಾನು ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಬ್ಯಾಂಕಾಕ್‌ನಲ್ಲಂತೂ ಎರಡು ವಿಮಾನ ನಿಲ್ದಾಣಗಳಿವೆ, ಸುವರ್ಣಭೂಮಿ ಮತ್ತು ಡಾನ್ ಮುಅಂಗ್. ಒಂದರಲ್ಲಿ ಇಳಿದು ಇನ್ನೊಂದಕ್ಕೆ ಓಡುವ ಪಾಡು ಬೇಡ.

ಮೊದಲೆಲ್ಲ ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಗಡಿ ದಾಟಿ ಹೋಗುವವರು ಬಹಳ ಇದ್ದರು. 2025ರಲ್ಲಿ ಎರಡು ದೇಶಗಳ ನಡುವೆ ಗಡಿ ಜಗಳ ಶುರುವಾಗಿ, ಜುಲೈನಲ್ಲಿ ಗುಂಡಿನ ಕಾಳಗವೇ ನಡೆದು, ಆ ದಾರಿ ಮುಚ್ಚಿತು. ಹಳೆಯ ಪ್ರವಾಸ ಬರಹ ನಂಬಿ ಬಸ್ಸಿನ ಯೋಜನೆ ಹಾಕಬೇಡಿ. ಟಿಕೆಟ್ ಕೊಳ್ಳುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಒಮ್ಮೆ ಓದಿ.

ನಮ್ಮ ಕೆಂಪೇಗೌಡ ನಿಲ್ದಾಣದಲ್ಲಿ ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ಸಂಜೆಯ ಹೊತ್ತು ಹೆಬ್ಬಾಳದ ಮೇಲೆ ಹೋಗುವುದಾದರೆ ಎಷ್ಟು ಮುಂಚೆ ಹೊರಡಬೇಕು ಅನ್ನುವುದನ್ನು ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ ಅಲ್ವಾ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕುವಂತಿಲ್ಲ.

ದುಡ್ಡು ಮತ್ತು ಊಟ

ಕಾಂಬೋಡಿಯಾದಲ್ಲಿ ಅಮೆರಿಕದ ಡಾಲರ್ ಎಲ್ಲ ಕಡೆ ನಡೆಯುತ್ತದೆ. ಚಿಲ್ಲರೆ ಮಾತ್ರ ಅವರ ರಿಯೆಲ್‌ನಲ್ಲಿ ಬರುತ್ತದೆ. ಒಂದು ಡಾಲರಿಗೆ ಸುಮಾರು 4000 ರಿಯೆಲ್. ಬೆಂಗಳೂರಿನಲ್ಲಿ ಡಾಲರ್ ಕೊಳ್ಳುವಾಗ ಹೊಸ ನೋಟನ್ನೇ ಕೇಳಿ. ಅಂಚು ಹರಿದ, ಪೆನ್ನಿನ ಗೀಟು ಬಿದ್ದ ನೋಟನ್ನು ಅಲ್ಲಿನ ಅಂಗಡಿಯವರು ಮುಟ್ಟುವುದಿಲ್ಲ. 1, 5, 10ರ ನೋಟುಗಳು ಜಾಸ್ತಿ ಇರಲಿ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಕಾಂಬೋಡಿಯಾದ ಅಡುಗೆಯಲ್ಲಿ ಮೀನಿನ ಸಾಸ್, ಹುಳಿಬರಿಸಿದ ಮೀನಿನ ಪೇಸ್ಟ್ ಎಲ್ಲದರಲ್ಲೂ ಇರುತ್ತದೆ. ತರಕಾರಿ ಪಲ್ಯ ಎಂದು ಕೊಟ್ಟರೂ ಅದರಲ್ಲಿ ಇದು ಸೇರಿರಬಹುದು. "ಮಾಂಸ ಬೇಡ" ಅಂದರೆ ಸಾಲದು. "ಮಾಂಸ, ಮೀನು, ಮೀನಿನ ಸಾಸ್, ಸೀಗಡಿ ಬೇಡ" ಎಂದು ಅವರ ಖ್ಮೇರ್ ಭಾಷೆಯಲ್ಲಿ ಹೋಟೆಲಿನವರ ಕೈಲಿ ಒಂದು ಚೀಟಿ ಬರೆಸಿಕೊಂಡು ಜೇಬಲ್ಲಿಟ್ಟುಕೊಳ್ಳಿ. ಸಿಯೆಮ್ ರೀಪ್‌ನಲ್ಲಿ ಭಾರತೀಯ ಹೋಟೆಲುಗಳು ಸಾಕಷ್ಟಿವೆ, ಉಪವಾಸ ಬೀಳುವುದಿಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಗುಡಿಗೆ ಹೊರಡುವ ದಿನ ಯಾವ ಹೋಟೆಲೂ ತೆರೆದಿರುವುದಿಲ್ಲ. ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಚಕ್ಕುಲಿ, ಒಂದಿಷ್ಟು ಕೋಡುಬಳೆ ಜೊತೆಗಿದ್ದರೆ ಆ ಬೆಳಗು ಸಲೀಸು.

ಟಿಕೆಟ್: ಮೂರು ದಿನದ್ದನ್ನೇ ಕೊಳ್ಳಿ

ಅಂಕೋರ್‌ನ ಎಲ್ಲ ಮುಖ್ಯ ಗುಡಿಗಳಿಗೂ ಒಂದೇ ಪಾಸ್. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಲೆಕ್ಕ ಹಾಕಿ ನೋಡಿ, ಎರಡು ದಿನದ ದುಡ್ಡಿಗಿಂತ ಕಡಿಮೆಗೆ ಮೂರು ದಿನ ಸಿಗುತ್ತದೆ. ಇನ್ನೂ ಒಳ್ಳೆಯ ವಿಷಯ ಏನೆಂದರೆ, ಮೂರು ದಿನದ ಪಾಸನ್ನು ಸತತವಾಗಿ ಬಳಸಬೇಕಿಲ್ಲ. ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ನಡುವೆ ಒಂದು ದಿನ ಕಾಲು ಚಾಚಿ ಮಲಗಬಹುದು.

ಅಧಿಕೃತ ಟಿಕೆಟ್ ಕಚೇರಿಯಲ್ಲಿ ಅಥವಾ ಅವರ ತಾಣದಲ್ಲಿ ಮಾತ್ರ ಕೊಳ್ಳಿ. ಪಾಸಿನ ಮೇಲೆ ನಿಮ್ಮ ಫೋಟೊ ಇರುತ್ತದೆ, ಬೇರೆಯವರದು ನಡೆಯುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಅವರ ಪಾಸ್‌ಪೋರ್ಟ್ ತೋರಿಸಬೇಕು. ಸಂಜೆ ಐದರ ನಂತರ ಮರುದಿನದ ಪಾಸ್ ಕೊಡುತ್ತಾರೆ, ಆ ಸಂಜೆಯ ಸೂರ್ಯಾಸ್ತ ನೋಡಲು ಬಿಡುತ್ತಾರೆ, ಅದು ದಿನದ ಲೆಕ್ಕಕ್ಕೆ ಬರುವುದಿಲ್ಲ.

ಬಟ್ಟೆ ಬಗ್ಗೆ ಒಂದೇ ನಿಯಮ. ಭುಜ, ಮೊಣಕಾಲು ಮುಚ್ಚಿರಬೇಕು. ತೆಳು ಹತ್ತಿಯ ಪ್ಯಾಂಟು, ಕುರ್ತಾ ಸಾಕು.

ಅಂಕೋರ್ ವಾಟ್‌ಗೆ ಒಂದು ಪೂರ್ತಿ ದಿನ

ಗುಡಿ ಬೆಳಿಗ್ಗೆ ಐದಕ್ಕೆ ತೆರೆಯುತ್ತದೆ. ಹೋಟೆಲಿನಿಂದ ತುಕ್‌ತುಕ್, ಅಂದರೆ ಅಲ್ಲಿನ ಆಟೋ, ಮಾಡಿಕೊಂಡು ಹೊರಡಿ. ಫೋನಿನಲ್ಲಿ ಗಾಡಿ ಕರೆಸುವ ಗ್ರಾಬ್, ಪಾಸ್‌ಆ್ಯಪ್ ಎರಡೂ ಊರಲ್ಲಿ ನಡೆಯುತ್ತವೆ. ಆದರೆ ಗುಡಿ ಸುತ್ತಲು ದಿನಕ್ಕಿಷ್ಟು ಎಂದು ಮಾತಾಡಿಕೊಂಡ ತುಕ್‌ತುಕ್ ಉತ್ತಮ. ನೀವು ಬರುವವರೆಗೂ ಕಾಯುತ್ತಾರೆ.

ಸುಮಾರು 190 ಮೀಟರ್ ಅಗಲದ ಕಂದಕ ದಾಟಿ ಪಶ್ಚಿಮದ ಬಾಗಿಲಿಗೆ ಬರುತ್ತೀರಿ. ಎಲ್ಲರೂ ಕತ್ತಲಲ್ಲಿ ನೇರ ಕೊಳದ ಕಡೆ ಓಡುತ್ತಾರೆ. ನೀವು ಬಾಗಿಲಿನಲ್ಲೇ ಬಲಕ್ಕೆ, ಅಂದರೆ ದಕ್ಷಿಣಕ್ಕೆ ಒಂದೆರಡು ಹೆಜ್ಜೆ ಇಡಿ. ಅಲ್ಲಿ ಎಂಟು ತೋಳಿನ ವಿಷ್ಣು ನಿಂತಿದ್ದಾನೆ. ಸ್ಥಳೀಯರು ಅವನನ್ನು ತಾ ರೀಚ್ ಎಂದು ಕರೆಯುತ್ತಾರೆ, ಹಳದಿ ಬಟ್ಟೆ ಉಡಿಸಿ ಊದುಬತ್ತಿ ಹಚ್ಚುತ್ತಾರೆ. ಅವರು ಬೌದ್ಧರು. ಗುಡಿಯೂ ಶತಮಾನಗಳಿಂದ ಬೌದ್ಧರದೇ. ಆದರೂ ಈ ಮೂರ್ತಿಗೆ ಪೂಜೆ ನಿಂತಿಲ್ಲ. ನಿಮಗೂ ಕೈ ಮುಗಿಯಬೇಕೆನಿಸಿದರೆ ಚಪ್ಪಲಿ ಬಿಟ್ಟು ಮುಗಿಯಿರಿ.

ಸೂರ್ಯೋದಯವನ್ನು ನೋಡಿ, ಬೇಡ ಅನ್ನುವುದಿಲ್ಲ. ಎಡಗಡೆಯ ಕೊಳದ ಅಂಚಿನಲ್ಲಿ ಐದು ಗೋಪುರಗಳ ನೆರಳು ನೀರಿನಲ್ಲಿ ಕಾಣುತ್ತದೆ. ಮುಖ್ಯ ವಿಷಯ ಅದರ ನಂತರದ್ದು. ಸೂರ್ಯ ಮೇಲೆ ಬಂದ ಕೂಡಲೇ ನೂರಾರು ಜನ ತಿಂಡಿಗೆ ವಾಪಸ್ ಹೋಗುತ್ತಾರೆ. ಆ ಒಂದೂವರೆ ಗಂಟೆ ಗುಡಿ ನಿಮ್ಮದು. ಚಕ್ಕುಲಿ ಕೆಲಸಕ್ಕೆ ಬರುವುದು ಇಲ್ಲೇ.

ಮೊದಲ ಅಂತಸ್ತಿನ ಸುತ್ತ ಉದ್ದಕ್ಕೂ ಪಡಸಾಲೆ ಇದೆ, ಒಳಗೋಡೆಯ ತುಂಬ ಉಬ್ಬುಶಿಲ್ಪ. ನಮ್ಮ ಕಾಲು ತಾನಾಗಿ ಪ್ರದಕ್ಷಿಣೆಗೆ ತಿರುಗುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ಈ ಗೋಡೆಯನ್ನು ಅಪ್ರದಕ್ಷಿಣೆಯಾಗಿ ಓದಬೇಕು. ಗುಡಿ ಪಶ್ಚಿಮಕ್ಕೆ ಮುಖ ಮಾಡಿರುವುದು, ಶಿಲ್ಪಗಳು ಈ ದಿಕ್ಕಿನಲ್ಲಿ ಸಾಗುವುದು ಎರಡನ್ನೂ ನೋಡಿ, ಇದು ರಾಜನ ಅಂತ್ಯಕ್ರಿಯೆಗೆ ಸಂಬಂಧಪಟ್ಟ ಗುಡಿ ಇರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಪಶ್ಚಿಮದಿಂದ ಒಳಬಂದು ಬಲಕ್ಕೆ ತಿರುಗಿ, ಗೋಡೆಯನ್ನು ಎಡಗಡೆ ಇಟ್ಟುಕೊಂಡು ನಡೆಯಿರಿ.

ಮೊದಲು ಸಿಗುವುದು ಕುರುಕ್ಷೇತ್ರ. ಎರಡು ಸೈನ್ಯ ಎರಡು ಕಡೆಯಿಂದ ನಡೆದು ಬಂದು ನಡುವೆ ಕಲಸಿಹೋಗುತ್ತವೆ. ಶರಶಯ್ಯೆಯ ಭೀಷ್ಮನನ್ನು ಹುಡುಕಿ. ಆಮೇಲೆ ಮೂಲೆ ತಿರುಗಿ ದಕ್ಷಿಣಕ್ಕೆ ಬಂದರೆ ಸೂರ್ಯವರ್ಮನ ಸ್ವಂತ ಮೆರವಣಿಗೆ, ಕೊಡೆಗಳ ಕೆಳಗೆ ರಾಜ. ಮುಂದೆ ಯಮ ಕೋಣದ ಮೇಲೆ ಕುಳಿತಿದ್ದಾನೆ, ಚಿತ್ರಗುಪ್ತ ತೀರ್ಪು ಹೇಳುತ್ತಿದ್ದಾನೆ. 37 ಸ್ವರ್ಗ, 32 ನರಕ. ಯಾವ ಪಾಪಕ್ಕೆ ಯಾವ ನರಕ ಎಂದು ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಕೆತ್ತಿದೆ. ಮಕ್ಕಳು ಇಲ್ಲಿಂದ ಅಲ್ಲಾಡುವುದಿಲ್ಲ.

ಪೂರ್ವದ ಪಡಸಾಲೆಯಲ್ಲಿ ಸಮುದ್ರ ಮಥನ. ನೀವು ಬರುವ ಹೊತ್ತಿಗೆ ಬೆಳಗಿನ ಬೆಳಕು ಅಲ್ಲಿಗೆ ಬಿದ್ದಿರುತ್ತದೆ. ಒಂದೇ ದೃಶ್ಯ, ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಕೂರ್ಮ. ದೂರದಿಂದ ಎಲ್ಲ ಒಂದೇ ಥರ ಕಾಣುತ್ತಾರೆ. ಹತ್ತಿರ ಹೋಗಿ ಕಣ್ಣು ನೋಡಿ. ಅಸುರರದು ದುಂಡಗಿನ ಉಬ್ಬಿದ ಕಣ್ಣು, ದೇವತೆಗಳದು ಬಾದಾಮಿ ಆಕಾರದ್ದು. ಮೇಲೆ ಅಪ್ಸರೆಯರು ಹಾರುತ್ತಿದ್ದಾರೆ, ಕೆಳಗೆ ಮೀನು, ಮೊಸಳೆ ಕಡೆಯುವ ರಭಸಕ್ಕೆ ತುಂಡಾಗುತ್ತಿವೆ. ವಾಸುಕಿಯ ಬಾಲದ ತುದಿಯಲ್ಲಿ ಒಬ್ಬ ವಾನರ ಇದ್ದಾನೆ. ನಮ್ಮ ಸಮುದ್ರ ಮಥನದ ಕತೆಯಲ್ಲಿ ವಾನರ ಇಲ್ಲ ಅಲ್ವಾ? ಅವನು ಹನುಮಂತ ಎಂದು ಕೆಲವರು, ಸುಗ್ರೀವ ಎಂದು ಕೆಲವರು. ಕತೆ ಸಮುದ್ರ ದಾಟಿದಾಗ ಏನಾಗುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ಈ ಬಾಲದ ತುದಿಯಲ್ಲೇ.

ಗೋಡೆ ಮುಟ್ಟಬೇಡಿ. ಎಷ್ಟೋ ಕಡೆ ಕಲ್ಲು ಕನ್ನಡಿಯಂತೆ ಮಿರುಗುವುದು ಕೈ ತಾಗಿ ತಾಗಿ ಎಂದು ಹೇಳುತ್ತಾರೆ. ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು 1986ರಿಂದ 1993ರವರೆಗೆ ಈ ಗುಡಿಯಲ್ಲಿ ಸಂರಕ್ಷಣೆ ಕೆಲಸ ಮಾಡಿದ್ದಾರೆ, ಆ ದೇಶದಲ್ಲಿ ಇನ್ನೂ ಶಾಂತಿ ನೆಲೆಸದ ವರ್ಷಗಳಲ್ಲಿ.

ಹನ್ನೊಂದಕ್ಕೆ ಹೊರಗೆ ಬಂದುಬಿಡಿ. ಊಟ, ನಿದ್ದೆ. ಮೂರರ ನಂತರ ಮತ್ತೆ ಬಂದು ಪಶ್ಚಿಮದ ಪಡಸಾಲೆಯ ಉತ್ತರ ಭಾಗ ನೋಡಿ. ಅಲ್ಲಿರುವುದು ಲಂಕೆಯ ಯುದ್ಧ, ಇಳಿಬಿಸಿಲು ಅದರ ಮೇಲೇ ಬೀಳುತ್ತದೆ. ಮೇಲಿನ ಅಂತಸ್ತಿಗೆ ಮೆಟ್ಟಿಲು ಬಹಳ ಕಡಿದು. ಮಂಡಿ ನೋವಿರುವ ಹಿರಿಯರನ್ನು ಹತ್ತಿಸಬೇಡಿ, 12ರೊಳಗಿನ ಮಕ್ಕಳನ್ನು ಅವರೇ ಬಿಡುವುದಿಲ್ಲ. ಹತ್ತದಿದ್ದರೆ ನಷ್ಟವೇನಿಲ್ಲ. ಗುಡಿಯ ಜೀವ ಕೆಳಗಿನ ಪಡಸಾಲೆಯಲ್ಲಿದೆ.

ಎರಡನೇ ದಿನ: ಅಂಕೋರ್ ಥಾಮ್

ಇದು ಏಳನೇ ಜಯವರ್ಮನ ರಾಜಧಾನಿ. ಅವನು ಬೌದ್ಧ. ದಕ್ಷಿಣದ ಹೆಬ್ಬಾಗಿಲಿನ ಸೇತುವೆಯ ಎರಡೂ ಬದಿ 54 ದೇವರು, 54 ಅಸುರರು ಹಾವನ್ನು ಹಿಡಿದು ಸಾಲಾಗಿ ನಿಂತಿದ್ದಾರೆ. ತುಕ್‌ತುಕ್‌ನಿಂದ ಇಳಿದು ನಡೆದೇ ದಾಟಿ.

ಒಳಗೆ ಬಾಯೊನ್. ಗೋಪುರಗಳ ಮೇಲಿನ ಇನ್ನೂರಕ್ಕೂ ಹೆಚ್ಚು ಮುಖಗಳಿಗಾಗಿ ಜನ ಹೋಗುತ್ತಾರೆ. ನೀವು ಹೊರಗಿನ ಪಡಸಾಲೆಗೆ ಹೆಚ್ಚು ಹೊತ್ತು ಕೊಡಿ. ಅಲ್ಲಿ ದೇವರ ಕತೆಗಿಂತ ಜನರ ಬದುಕು ಜಾಸ್ತಿ. ಸಂತೆಯಲ್ಲಿ ತಕ್ಕಡಿ ಹಿಡಿದ ಹೆಂಗಸು, ಕೋಳಿ ಅಂಕ, ಅಡುಗೆ ಮಾಡುವವರು, ಈಗಿನ ವಿಯೆಟ್ನಾಂ ಕಡೆಯ ಚಾಮರೊಂದಿಗೆ ದೋಣಿ ಯುದ್ಧ. ಕೋಳಿ ಅಂಕದ ಶಿಲ್ಪ ಕರಾವಳಿಯವರಿಗೆ ತಕ್ಷಣ ಗೊತ್ತಾಗುತ್ತದೆ.

ಮಧ್ಯಾಹ್ನದ ಮೇಲೆ ತಾ ಪ್ರೋಮ್. ಮರದ ಬೇರು ಗುಡಿಯನ್ನು ಅಪ್ಪಿಕೊಂಡಿರುವ ಫೋಟೊ ನೀವು ನೋಡೇ ಇರುತ್ತೀರಿ, ಅದು ಇಲ್ಲಿನದು. ಜನ ಸಾಲು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಗಂಟೆ ಸಾಕು. ಇಲ್ಲಿಯೂ ನಮ್ಮ ಪುರಾತತ್ವ ಇಲಾಖೆಯವರು ದುರಸ್ತಿ ಮಾಡಿದ್ದಾರೆ.

ಮೂರನೇ ದಿನ: ಬಾಂತೇ ಸ್ರೇ, ನಿಮ್ಮ ರಾವಣ ಇರುವ ಜಾಗ

ಎರಡನೇ ದಿನಕ್ಕೂ ಇದಕ್ಕೂ ನಡುವೆ ಒಂದು ದಿನ ಬಿಡುವು ಕೊಡಿ. ದಣಿದ ಕಣ್ಣಿಗೆ ಈ ಗುಡಿ ಹಿಡಿಯುವುದಿಲ್ಲ. ಆ ಬಿಡುವಿನ ದಿನ ಊರಲ್ಲಿರುವ ಅಂಕೋರ್ ರಾಷ್ಟ್ರೀಯ ಮ್ಯೂಸಿಯಂ ನೋಡಬಹುದು, ಬಿಸಿಲಿನ ಕಾಟ ಇಲ್ಲ.

ಬಾಂತೇ ಸ್ರೇ ಊರಿನಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಕಾರು ಮಾಡಿಕೊಂಡು, ಗುಡಿ ತೆರೆಯುವ ಏಳೂವರೆಗೆ ಅಲ್ಲಿರಿ. ಒಂಬತ್ತಾದರೆ ಟೂರ್ ಬಸ್ಸುಗಳು ಬರುತ್ತವೆ. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ, ಅಂದರೆ ಬೇಲೂರಿಗಿಂತ ನೂರೈವತ್ತು ವರ್ಷ ಹಳೆಯದು. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹ ಎಂಬ ರಾಜಗುರು. ಬಹಳ ಚಿಕ್ಕದು. ನಡುವಿನ ಗೋಪುರವೇ ಹತ್ತು ಮೀಟರ್ ಮುಟ್ಟುವುದಿಲ್ಲ. ನಸುಗೆಂಪು ಮರಳುಗಲ್ಲು, ಮರ ಕೊರೆದ ಹಾಗೆ ಕೆಲಸ.

ಒಳಗಿನ ಆವರಣದಲ್ಲಿ ಎರಡು ಸಣ್ಣ ಕಟ್ಟಡಗಳಿವೆ, ಗ್ರಂಥಾಲಯ ಎಂದು ಕರೆಯುತ್ತಾರೆ. ದಕ್ಷಿಣದ ಕಟ್ಟಡದ ಪೂರ್ವ ಬಾಗಿಲಿನ ಮೇಲಿನ ಕಲ್ಲನ್ನು ನೋಡಿ. ರಾವಣ ಇದ್ದಾನೆ. ಬೆಳಗಿನ ಬಿಸಿಲು ಅವನ ಮೇಲೇ ಬಿದ್ದಿರುತ್ತದೆ.

ಈಗ ಫೋನ್ ತೆಗೆದು ಹಳೇಬೀಡಿನ ಫೋಟೊ ಪಕ್ಕಕ್ಕಿಡಿ. ಬಾಂತೇ ಸ್ರೇಯಲ್ಲಿ ಕೈಲಾಸ ಮೆಟ್ಟಿಲು ಮೆಟ್ಟಿಲಾಗಿದೆ, ಅವರ ಗುಡಿಗಳ ಆಕಾರವೇ ಅದು. ಒಂದೊಂದು ಮೆಟ್ಟಿಲಿನಲ್ಲೂ ಹೆದರಿದವರು. ಋಷಿಗಳು ಕೈ ಎತ್ತಿದ್ದಾರೆ, ಪ್ರಾಣಿ ಮುಖದ ಗಣಗಳು ಕೆಳಗೆ ಬಗ್ಗಿ ನೋಡುತ್ತಿದ್ದಾರೆ, ಬುಡದಲ್ಲಿ ಆನೆ, ಸಿಂಹಗಳು ದಿಕ್ಕಾಪಾಲು ಓಡುತ್ತಿವೆ. ತುದಿಯಲ್ಲಿ ಉಮೆ ಶಿವನನ್ನು ಅಪ್ಪಿಕೊಂಡಿದ್ದಾಳೆ. ಶಿವ ಮಾತ್ರ ಅಲ್ಲಾಡಿಲ್ಲ. ಅವನ ಒಂದು ಕಾಲಿನ ಕಡೆ ಕಣ್ಣು ಹಾಯಿಸಿ, ಹೆಬ್ಬೆರಳಿನಿಂದ ಬೆಟ್ಟ ಒತ್ತುವ ಕತೆ ಅಲ್ಲೇ ಇದೆ.

ಹಳೇಬೀಡಿನ ಶಿಲ್ಪಿಗೆ ರಾವಣನ ಬಲ ಮುಖ್ಯ. ಬೆಟ್ಟ ಎತ್ತುವವನ ತೋಳು, ತಲೆ, ಒಡವೆಗಳ ಮೇಲೆ ಅವನ ಉಳಿ ನಿಂತಿದೆ. ಬಾಂತೇ ಸ್ರೇಯ ಶಿಲ್ಪಿಗೆ ಬೆಟ್ಟದ ಮೇಲಿದ್ದವರ ದಿಗಿಲು ಮುಖ್ಯ. ಇದು ನನ್ನ ಓದು. ನಿಮ್ಮದು ಬೇರೆ ಇರಬಹುದು. ಜೊತೆಗೆ ಪರವಾನಗಿ ಇರುವ ಗೈಡ್ ಇದ್ದರೆ ಅವರಿಗೂ ಹಳೇಬೀಡಿನ ಫೋಟೊ ತೋರಿಸಿ, ಬಹಳ ಖುಷಿಪಡುತ್ತಾರೆ. ಮಾತು ಬೆಳೆಯುತ್ತದೆ, ಅವರು ಎಲ್ಲರಿಗೂ ಹೇಳದ ಮೂಲೆಗಳನ್ನು ತೋರಿಸುತ್ತಾರೆ. ವಾಲಿ ಸುಗ್ರೀವರ ಜಗಳ, ಕಂಸವಧೆ, ಖಾಂಡವವನದ ಮೇಲೆ ಇಂದ್ರ ಸುರಿಸುವ ಮಳೆ, ಎಲ್ಲ ಇಷ್ಟು ಚಿಕ್ಕ ಆವರಣದಲ್ಲೇ ಇವೆ.

ಗೈಡ್‌ಗಳ ಬಗ್ಗೆ ಒಂದು ಮಾತು. 1975ರಿಂದ 79ರವರೆಗೆ ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಆ ದೇಶ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ನಡುವಯಸ್ಸು ದಾಟಿದ ಯಾರನ್ನೂ "ನಿಮ್ಮ ಮನೆಯಲ್ಲಿ ಏನಾಯಿತು" ಎಂದು ಸುಮ್ನೆ ಕೇಳಬೇಡಿ. ಅವರೇ ಹೇಳಿದರೆ ಕೇಳಿಸಿಕೊಳ್ಳಿ. ಬಾಂತೇ ಸ್ರೇಯಿಂದ ಬರುವ ದಾರಿಯಲ್ಲಿ ನೆಲಬಾಂಬ್ ಮ್ಯೂಸಿಯಂ ಇದೆ. ದೊಡ್ಡ ಮಕ್ಕಳಿದ್ದರೆ ಅರ್ಧ ಗಂಟೆ ನಿಲ್ಲಿಸಿ.

ಕಾಲಲ್ಲಿ ಕಸುವಿದ್ದರೆ ಬಾಂತೇ ಸ್ರೇಯಿಂದ ಮುಂದೆ ಕ್ಬಾಲ್ ಸ್ಪೇನ್‌ಗೆ ಹೋಗಿ. ಕಾಡಿನ ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಏರು. ನದಿಯ ತಳದ ಬಂಡೆಯಲ್ಲೇ ಸಾಲು ಸಾಲು ಲಿಂಗಗಳು, ಮಲಗಿದ ವಿಷ್ಣು. ಶಿರಸಿ ಹತ್ತಿರ ಶಾಲ್ಮಲಾ ನದಿಯ ಸಹಸ್ರಲಿಂಗ ನೋಡಿದವರು ಅಲ್ಲಿ ನಿಂತು ಬೆರಗಾಗದೆ ಇರಲಾರರು. ಇದೂ ಅದೇ ಪಾಸಿನಲ್ಲಿ ಸೇರಿದೆ. ಮಧ್ಯಾಹ್ನದ ನಂತರ ಒಳಗೆ ಬಿಡುವುದು ನಿಲ್ಲಿಸುತ್ತಾರೆ, ಆದಷ್ಟು ಬೇಗ ಹೋಗಿ.

ಸಮಯ ಉಳಿದರೆ

ಮೂರನೇ ದಿನದ ಸಂಜೆ ಎರಡು ಗಂಟೆ ಸಿಕ್ಕಿದರೆ ಹೊಸ ಗುಡಿಗೆ ಹೋಗಬೇಡಿ. ಮತ್ತೆ ಅಂಕೋರ್ ವಾಟ್‌ಗೆ ಹೋಗಿ, ಮೊದಲ ದಿನ ಬಿಟ್ಟಿದ್ದ ಉತ್ತರದ ಪಡಸಾಲೆಯ ಪೂರ್ವ ಭಾಗ ನೋಡಿ. ಕೃಷ್ಣ ಗರುಡನ ಮೇಲೆ ಬಂದು ಬಾಣಾಸುರನೊಡನೆ ಕಾದುವ ಪ್ರಸಂಗ ಅಲ್ಲಿದೆ. ಈ ಭಾಗವನ್ನು ಕೆತ್ತಿದ್ದು ಗುಡಿ ಕಟ್ಟಿದ ನಾನೂರು ವರ್ಷಗಳ ನಂತರ, 16ನೇ ಶತಮಾನದಲ್ಲಿ. ಯಾರೂ ಹೇಳದೇ ನಿಮಗೆ ವ್ಯತ್ಯಾಸ ಕಾಣುತ್ತದೆ. ಗೆರೆ ಬಿಗಿಯಾಗಿಲ್ಲ, ಒಂದೇ ಮುಖ ಮತ್ತೆ ಮತ್ತೆ ಬಂದಿದೆ. ಸಮುದ್ರ ಮಥನದ ಮುಂದೆ ನಿಂತು ಬಂದ ಕಣ್ಣು ಅದನ್ನು ಎರಡೇ ನಿಮಿಷದಲ್ಲಿ ಹಿಡಿಯುತ್ತದೆ.

ವಾಪಸಾಗುವ ದಿನ ನೆನಪಿರಲಿ, ಹೊಸ ವಿಮಾನ ನಿಲ್ದಾಣ 2023ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು ಊರಿನಿಂದ 40 ಕಿಲೋಮೀಟರಿಗೂ ಹೆಚ್ಚು ದೂರ. ಹಳೆಯದು ಊರ ಪಕ್ಕದಲ್ಲೇ ಇತ್ತು, ಹಳೆಯ ಬರಹಗಳು ಅದನ್ನೇ ಹೇಳುತ್ತವೆ. ಕಾರಿಗೆ ಹಿಂದಿನ ದಿನವೇ ಹೇಳಿಡಿ. ಕೈಯಲ್ಲಿ ಉಳಿದ ರಿಯೆಲ್ ಬೆಂಗಳೂರಿನಲ್ಲಿ ಬದಲಿಸುವುದು ಕಷ್ಟ. ಮೂರು ದಿನ ಬಿಸಿಲಲ್ಲಿ ಕಾದ ತುಕ್‌ತುಕ್ ಅಣ್ಣನ ಕೈಗೆ ಅದನ್ನು ಕೊಟ್ಟು, "ಅಕೂನ್" ಎಂದು ಹೇಳಿ ಬನ್ನಿ. ಅವರ ಭಾಷೆಯಲ್ಲಿ ಅದು ಧನ್ಯವಾದ.